ಬೋಣಿಗೂ ಮುಂಚಿನ ಮಲ್ಲಿಗೆ

ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿ, ಅಂಜಮ್ಮ ಇವತ್ತೂ ಮೊದಲ ಮೊಳವನ್ನು ತನಗೇ ಕತ್ತರಿಸಿಕೊಂಡಳು. ಇನ್ನೂ ಬೋಣಿ ಆಗಿರಲಿಲ್ಲ. ವಿಜಯನಗರದ ಮಾರ್ಕೆಟ್ ರಸ್ತೆಗೆ ಆಗ ತಾನೇ ಸೊಪ್ಪಿನ ಗಾಡಿಗಳು ಬಂದು ನಿಲ್ಲುತ್ತಿದ್ದವು. ಅವಳು ಮಲ್ಲಿಗೆಯನ್ನು ತುರುಬಿಗೆ ಸಿಕ್ಕಿಸಿ, ಮುಚ್ಚಿದ ಅಂಗಡಿಯ ಬಾಗಿಲಿಗೆ ಒರಗಿ, ಕಣ್ಣು ಮುಚ್ಚಿ ಕುಳಿತಳು. ಮಡಿಲಲ್ಲಿ ಫೋನು ಬಡಿದುಕೊಂಡರೂ ಎತ್ತಲಿಲ್ಲ. ದಿನಾ ಹೀಗೆ, ಐದು ನಿಮಿಷ.

ಪಕ್ಕದ ಬುಟ್ಟಿಯ ಶಿವಗಂಗಮ್ಮನಿಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಯಿತು. ಇಪ್ಪತ್ತೆರಡು ವರ್ಷದಿಂದ ಅವಳೂ ಇಲ್ಲೇ ಹೂವು ಮಾರುತ್ತಿದ್ದಾಳೆ. ಬೋಣಿಯಾಗದೆ ಮಾರುವವಳು ಮುಡಿಯಬಾರದು, ದೇವರಿಗೆ ಹೋಗುವ ಹೂವಿಗೆ ನಮ್ಮ ಉಸಿರೂ ತಾಗಬಾರದು ಎಂದು ಅತ್ತೆ ಹೇಳಿಕೊಟ್ಟಿದ್ದರು. ಅದಕ್ಕೇ ಮೊಳ ಹಾಕುವಾಗ ಮುಖವನ್ನು ಆಚೆ ತಿರುಗಿಸಿಕೊಂಡೇ ಹಾಕುವುದು. ತನ್ನ ತಲೆಗೆ ಏನಿದ್ದರೂ ಸಂಜೆ, ಯಾರೂ ಕೇಳದೆ ಬುಟ್ಟಿಯ ತಳದಲ್ಲಿ ಕಂದಿ ಉಳಿದ ತುಂಡು.

“ಅಲ್ಲ ಕಣೇ ಅಂಜು, ದಿನಾ ಯಾರ ಮದುವೆಗೆ ಹೊರಟಿರ್ತೀಯ?”

“ಎಲ್ಲಿಗೂ ಇಲ್ಲ ಗಂಗಕ್ಕ.” ಅಂಜಮ್ಮ ಕಣ್ಣು ತೆರೆಯದೆಯೇ ಹೇಳಿದಳು. “ಬಿಪಿ ತೋರಿಸಕ್ಕೆ ಹೋಗಿದ್ನಲ್ಲ, ಡಾಕ್ಟ್ರಮ್ಮ ಕೇಳಿದ್ರು, ದಿನದಲ್ಲಿ ನಿಮಗೋಸ್ಕರ ಅಂತ ಏನು ಮಾಡ್ಕೋತೀರ ಅಂತ. ಊಟ ಮಾಡ್ತೀನಿ ಅಂದೆ, ನಕ್ಬಿಟ್ರು.”

“ಮಾತ್ರೆ ಬರ್ಕೊಡೋದು ಬಿಟ್ಟು ಹೂವು ಮುಡ್ಕೋ ಅಂದ್ರಾ?”

“ಮಾತ್ರೆನೂ ಕೊಟ್ಟವ್ರೆ. ಇದು ನಾನೇ ಶುರು ಮಾಡ್ಕೊಂಡಿದ್ದು.”

ಲಕ್ಷ್ಮಿ ಮುನಿಸಿಕೊಳ್ಳುತ್ತಾಳೆ ಎಂದು ಶಿವಗಂಗಮ್ಮ ಎರಡು ತಿಂಗಳಿನಿಂದ ಕಾಯುತ್ತಿದ್ದಳು. ಲಕ್ಷ್ಮಿಗೆ ಬೇರೆ ಕೆಲಸವಿತ್ತೋ ಏನೋ. ಅಂಜಮ್ಮನ ಬುಟ್ಟಿ ಹತ್ತು ಗಂಟೆಗೇ ಖಾಲಿಯಾಗುತ್ತಿತ್ತು. ಮುಖ ಬೇರೆ, ಆಗಷ್ಟೇ ಎಣ್ಣೆನೀರು ಹಾಕಿಕೊಂಡು ಬಂದವರ ಹಾಗೆ ಹಗುರ. ಬುಟ್ಟಿ ಖಾಲಿಯಾಗುವುದನ್ನಾದರೂ ಸಹಿಸಬಹುದಿತ್ತು, ಆ ಮುಖವನ್ನು ಸಹಿಸುವುದು ಆಗುತ್ತಿರಲಿಲ್ಲ.

ಅಷ್ಟರಲ್ಲಿ ಕಮಲಾಕ್ಷಮ್ಮ ಚೀಲ ಹಿಡಿದು ಬಂದರು. ರಿಟೈರಾದ ಟೀಚರು, ಪೂಜೆಗೆಂದು ದಿನಾ ನಾಲ್ಕು ಮೊಳ ಅಂಜಮ್ಮನ ಹತ್ತಿರವೇ ಕೊಳ್ಳುವವರು. ಶಿವಗಂಗಮ್ಮನ ಬಾಯಿ ತಡೆಯಲಿಲ್ಲ.

“ಮೇಡಮ್, ಹೇಳಬಾರ್ದು, ಆದ್ರೂ ಹೇಳ್ತೀನಿ. ಅವಳ ತಲೆ ನೋಡಿ. ಬೋಣಿಗೂ ಮುಂಚೆ ಮೊದಲು ಅವಳಿಗೆ, ಆಮೇಲೆ ನಿಮ್ಮ ದೇವ್ರಿಗೆ.”

ಕಮಲಾಕ್ಷಮ್ಮ ಮುಂದೆ ಚಾಚಿದ್ದ ಚೀಲವನ್ನು ಹಿಂದಕ್ಕೆ ಎಳೆದುಕೊಂಡರು. “ಹೌದೇನಮ್ಮ ಅಂಜಮ್ಮ?”

“ಹೌದು ಮೇಡಮ್. ನಂದು ಬೇರೆ ತುಂಡು, ನಿಮ್ದು ಬೇರೆ ತುಂಡು.”

“ಮಾಲೆ ಒಂದೇ ಅಲ್ವೇನಮ್ಮ? ಮುಡಿದು ಮಿಕ್ಕಿದ್ದು ದೇವ್ರಿಗೆ ಆಗಲ್ಲ.” ಅವರು ಪಕ್ಕದ ಬುಟ್ಟಿಗೆ ತಿರುಗಿದರು. ಶಿವಗಂಗಮ್ಮ ಮುಖ ಆಚೆ ತಿರುಗಿಸಿ ನಾಲ್ಕು ಮೊಳ ಹಾಕಿ, ಮೇಲೆ ಅರ್ಧ ಮೊಳ ಸುಮ್ಮನೆ ಕೊಟ್ಟಳು.

ಮರುದಿನ ಅವಳು ಎಲ್ಲರಿಗಿಂತ ಮುಂಚೆ ಬಂದು ಕುಳಿತಿದ್ದಳು, ಅಂಜಮ್ಮನ ಬರಿದಾದ ತುರುಬು ನೋಡುವುದಕ್ಕೆ. ಅಂಜಮ್ಮ ಬಂದಳು, ಬಟ್ಟೆ ಸರಿಸಿದಳು, ಮೊದಲ ಮೊಳ ಕತ್ತರಿಸಿ ಮುಡಿದಳು, ಬಾಗಿಲಿಗೆ ಒರಗಿದಳು.

“ಗಿರಾಕಿ ಹೋದ್ರೂ ಬುದ್ಧಿ ಬರ್ಲಿಲ್ವಾ ನಿಂಗೆ?”

“ನೀನು ಹಂಗೆ ಮಾತಾಡಿದ್ದಕ್ಕೆ ಬೇಜಾರಾಯ್ತು ಗಂಗಕ್ಕ, ಇಲ್ಲ ಅನ್ನಲ್ಲ. ಐದು ನಿಮಿಷ ತಡ್ಕೋ. ಆಮೇಲೆ ಜಗಳ ಆಡಣ.”

ಅಂಥದ್ದೇನಿದೆ ಈ ಐದು ನಿಮಿಷದಲ್ಲಿ? ಗಿರಾಕಿಯನ್ನು ಬಿಟ್ಟುಕೊಟ್ಟಳು, ಇದನ್ನು ಬಿಡಲಿಲ್ಲವಲ್ಲ. ಶಿವಗಂಗಮ್ಮ ಹೊಟ್ಟೆಯುರಿಗೇ ತನ್ನ ಬುಟ್ಟಿಯಿಂದ ಒಂದು ಮೊಳ ಎಳೆದು, ಅಂಜಮ್ಮನದಕ್ಕಿಂತ ನಾಲ್ಕು ಮೊಗ್ಗು ಜಾಸ್ತಿಯೇ ಇರಲಿ ಎಂದು ಇನ್ನೊಂದಿಷ್ಟು ಸೇರಿಸಿ ಕತ್ತರಿಸಿ, ತುರುಬಿಗೆ ಸಿಕ್ಕಿಸಿಕೊಂಡಳು. ಮೊದಲು ಕತ್ತಿನ ಮೇಲೆ ತಣ್ಣನೆಯ ನೀರು ಹನಿಯಿತು. ಆಮೇಲೆ ಕಿವಿಯ ಹಿಂದಿನಿಂದ ಘಮ ಬಂತು. ಇಷ್ಟು ವರ್ಷ ಊರ ಮನೆಗಳಿಗೆಲ್ಲ ತಾನು ಅಳೆದು ಕಳಿಸುತ್ತಿದ್ದುದು ಇದನ್ನಾ? ನೋಡೋಣ ಎಂದು ಅವಳೂ ಕಣ್ಣು ಮುಚ್ಚಿದಳು. ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ.

“ನೀನೂನಾ ಶಿವಗಂಗಮ್ಮ?”

ಎದುರಿಗೆ ಕಮಲಾಕ್ಷಮ್ಮ, ಕೈಯಲ್ಲಿ ಚೀಲ. ಅಂಜಮ್ಮ ಒಂದೇ ಕಣ್ಣು ತೆರೆದು ನೋಡಿದಳು.

ಕಮಲಾಕ್ಷಮ್ಮ ದನಿ ತಗ್ಗಿಸಿದರು. “ತೆಗೆದಿಡು ಅದನ್ನ. ನಾನು ನೋಡೇ ಇಲ್ಲ ಅಂದ್ಕೋತೀನಿ. ಒಳಗಿನ ಇನ್ನೊಂದು ಮಾಲೆಯಿಂದ ಕೊಡು. ಇನ್ಮೇಲೆ ಎಲ್ಲ ನಿನ್ನ ಹತ್ರನೇ ತಗೋಳೋಣ ಅಂತಿದೀನಿ. ವರಮಹಾಲಕ್ಷ್ಮಿ ಹಬ್ಬಕ್ಕೆ ನಮ್ಮ ಬೀದಿಯವರಿಗೆಲ್ಲ ನಿನ್ನ ಹೆಸರೇ ಹೇಳ್ತೀನಿ.”

ಒಂದು ಇಡೀ ಬೀದಿಯ ಹಬ್ಬ. ಶಿವಗಂಗಮ್ಮನ ಕೈ ತುರುಬಿಗೆ ಹೋಯಿತು. ಪಿನ್ನು ಬೆರಳಿಗೆ ಸಿಕ್ಕಿತು. ಪಕ್ಕದಲ್ಲಿ ಅಂಜಮ್ಮ ಏನೂ ಆಗದವಳಂತೆ ಆ ಕಣ್ಣನ್ನೂ ಮುಚ್ಚಿ, ಮತ್ತೆ ಒರಗಿಬಿಟ್ಟಳು. ಅವಳಿಗಿನ್ನೂ ಎರಡು ನಿಮಿಷ ಬಾಕಿಯಿತ್ತು.

ಶಿವಗಂಗಮ್ಮ ಪಿನ್ನನ್ನು ಇನ್ನೂ ಒಳಕ್ಕೆ ಒತ್ತಿದಳು.

“ಆ ಬಾಳೆಹಣ್ಣಿನ ಗಾಡಿ ದಾಟಿದ್ರೆ ಮರಿಯಪ್ಪ ಹೂವು ಇಟ್ಕೊಂಡು ಕೂತವ್ನೆ ಮೇಡಮ್,” ಎಂದಳು. “ಅವನ ತಲೇಲಿ ಒಂದು ಕೂದಲೂ ಇಲ್ಲ. ದೇವ್ರಿಗೆ ಧಾರಾಳವಾಗಿ ಆಗ್ತದೆ.”