ಕೂಗಾಡುವ ಕಾರು

ಸರ್ಕಾರ ಎಲ್ಲ ಗೋಡೆಗಳಿಗೂ ಕಿವಿ ಜೋಡಿಸಿದ ಮೇಲೆ, ದನಿ ಏರಿಸಿದವರ ಮನೆಗೆ ಒಂದು ವಾರ ನೀರು ಬರುತ್ತಿರಲಿಲ್ಲ. ನಿರ್ಮಲ ಗಂಡ ಷಡಕ್ಷರಿಯ ಮೇಲೆ ಕೂಗಾಡುತ್ತಿದ್ದದ್ದು ಅಪ್ಪ ಕೊಟ್ಟ ಹಳೆಯ ಫಿಯೆಟ್ಟಿನೊಳಗೆ ಮಾತ್ರ. ಅದರ ಕ್ಯಾಸೆಟ್ ಸ್ಟೀರಿಯೊ ಹಾಡುತ್ತಿತ್ತು, ಕೇಳಿಸಿಕೊಳ್ಳುತ್ತಿರಲಿಲ್ಲ.

ಇಂದು ಷಡಕ್ಷರಿ ಕಿವಿಯುಳ್ಳ ಹೊಸ ಸ್ಟೀರಿಯೊ ತಂದು, ಮೆಕ್ಯಾನಿಕ್ ನಜೀರನನ್ನೂ ಅಂಗಳಕ್ಕೆ ಕರೆಸಿದ್ದ.

"ಇನ್ಮೇಲೆ ಕೂಗು ನೋಡೋಣ, ಚಿನ್ನ," ಎಂದ ಮೆತ್ತಗೆ.

"ಕಾರು ನಿಮ್ದು. ಹಾಕ್ಲಾ ಅಮ್ಮಾ?" ನಜೀರ್ ಕೇಳಿದ.

"ಹಾಕಪ್ಪಾ," ನಿರ್ಮಲ ಇನ್ನೂ ಮೆತ್ತಗೆ ಹೇಳಿದಳು. "ತಂಗಿ ಮದುವೆ ಒಡವೆ ಕದ್ದು ಮಾರಿದ ಅಣ್ಣ ಯಾರು ಅಂತ ಅದಕ್ಕೂ ಹೀಗೇ ಹೇಳ್ತೀನಿ."

ಷಡಕ್ಷರಿಯ ಕತ್ತಿನ ನರ ಉಬ್ಬಿತು. ಕೂಗಲು ಬಾಯಿ ತೆರೆದವನು ಕಾಂಪೌಂಡ್ ಗೋಡೆಯನ್ನೊಮ್ಮೆ ನೋಡಿ, ಹಲ್ಲು ಕಚ್ಚಿ, ಕಾರಿನ ಬಾಗಿಲು ತೆರೆದ.

"ಹತ್ತು, ಚಿನ್ನ."

ಅವಳು ಹತ್ತಿ ಗಾಜು ಏರಿಸಿದಳು. ನಜೀರ್ ಹೊಸ ಸ್ಟೀರಿಯೊವನ್ನು ಮತ್ತೆ ಡಬ್ಬಕ್ಕೆ ಹಾಕಿದ.