ಕಲ್ಲಿನ ಮೇಲೆ ಉಳಿದ ಬೇವು

ಬೇವಿನೆಲೆ ಅರೆಯುವ ವಾಸನೆ ಬಂದರೆ ಇಂದಿಗೂ ನನ್ನ ಹೆಬ್ಬೆರಳು ತಾನಾಗಿ ಮುಷ್ಟಿಯೊಳಗೆ ಸೇರಿಕೊಳ್ಳುತ್ತದೆ.

ನಾಲ್ಕು ತುಂಬಿದರೂ ಅವ್ವನ ಮೊಲೆ ಬಾಯಲ್ಲಿಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಅವ್ವ ಮತ್ತೆ ಬಸುರಿಯಾಗಿದ್ದಳು. ಗುಡೇಕೋಟೆಯ ಮನೆಯಲ್ಲಿ ಒಂದು ಮಧ್ಯಾಹ್ನ ಅಜ್ಜಿ ಬೇವು ಅರೆದು ಅವಳ ಎದೆಗೆ ಬಳಿದಳು. ನಾನು ಬಾಯಿಟ್ಟೆ, ಉಗುಳಿದೆ, ಲಂಗದ ತುದಿಯಿಂದ ಒರೆಸಿ ಮತ್ತೆ ಬಾಯಿಟ್ಟೆ.

"ಸಾಕು ಬಿಡ್ರಿ ಅತ್ತಿ, ಕೂಸು ಒದ್ದಾಡಾಕ ಹತ್ತೈತಿ," ಅಂದಳು ಅವ್ವ.

"ನೀ ಹಿಂಗ ಕರಗಿದ್ರ ಅದು ಮದುವಿ ಆದ್ರೂ ಬಿಡಂಗಿಲ್ಲ," ಎಂದು ಅಜ್ಜಿ ಇನ್ನಷ್ಟು ಬಳಿದಳು.

ಅವ್ವ ಸೆರಗು ಮುಚ್ಚಿಕೊಂಡು ಗೋಡೆಯ ಕಡೆ ಹೊರಳಿದಳು. ಅತ್ತು ದಣಿದ ನಾನು ಅವಳ ಬೆನ್ನಿಗೆ ಹಣೆಯೊತ್ತಿ, ಹೆಬ್ಬೆರಳು ಚೀಪುತ್ತಾ ಕಣ್ಣು ಮುಚ್ಚಿದೆ.

"ನೋಡಿದಿಲ್ಲ, ತಾನ ಮಕ್ಕೊಂತು," ಎನ್ನುತ್ತ ಅಜ್ಜಿ ಬಗ್ಗಿದಳು. ನನ್ನ ಬಾಯಿಂದ ಬೆರಳು ಎಳೆದಳು. ಕಲ್ಲಿನ ಮೇಲೆ ಇನ್ನೂ ಬೇವು ಉಳಿದಿತ್ತು.