ಹಸಿ ಮಣ್ಣು

ಟೀಪಾಯಿಯ ಮೇಲಿನ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆಯಬೇಕಿದ್ದ ಮಗು ಎಡಗೈ ಚಾಚಿತು. ತೊಡೆಯ ಮೇಲೆ ಕೂರಿಸಿಕೊಂಡಿದ್ದ ತಾತ ಆ ಕೈಯನ್ನು ಸರಕ್ಕನೆ ಹಿಂದಕ್ಕೆಳೆದು, ಬಲಗೈಯ ಬೆರಳನ್ನು ಅಕ್ಕಿಗೆ ಒತ್ತಿದರು. ಮಗು ಚೀರಿತು.

"ಬಿಡಿ ಮಾವ, ಅವಳ ಕೈ ಅದೇ," ಎಂದಳು ಸೊಸೆ.

ಪುರೋಹಿತರ ಮಂತ್ರ ಅರ್ಧಕ್ಕೇ ನಿಂತಿತು. ಊರಿನ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದ ಮೇಷ್ಟ್ರು ಈ ಮಾವ. ಆ ಮನೆಯಲ್ಲಿ ಅವರಿಗೆ ಯಾರೂ ಎದುರಾಡಿದ್ದೇ ಇಲ್ಲ.

"ಮಕ್ಕಳು ಅಂದ್ರೆ ಹಸಿ ಮಣ್ಣಮ್ಮ. ಈಗ ತಿದ್ದಿದರೇ ಆಕಾರ."

"ನನ್ನ ಮಗಳು ಮಡಕೆ ಅಲ್ಲ ಮಾವ. ಅವಳ ಆಕಾರ ಅವಳೇ ತಂದಿದ್ದಾಳೆ."

"ಗೆಣ್ಣಿನ ಮೇಲೆ ನಾಲ್ಕು ಬಿಟ್ಟರೆ ಎಡಗೈ ಚಟ ವಾರದಲ್ಲಿ ಹೋಗುತ್ತೆ. ಆಮೇಲೆ ಜನ್ಮದಲ್ಲಿ ನೆನಪೂ ಬರಲ್ಲ."

"ಹೊಡೆದವರಿಗೆ ಬರಲ್ಲ. ಈಗ ಅವಳ ಕೈ ಬಿಡ್ತೀರೋ, ಇಲ್ಲ ನಾನೇ ಎತ್ತಿಕೊಂಡು ಹೋಗಲೋ?"

ಗಂಡ ತಲೆ ತಗ್ಗಿಸಿ ಅಕ್ಷತೆಯ ಬಟ್ಟಲು ನೋಡುತ್ತ ಕುಳಿತಿದ್ದ.

ಮಾವ ಸಿಟ್ಟಿನಿಂದ ಎರಡೂ ಕೈ ಎತ್ತಿಬಿಟ್ಟರು. "ತಗೋ! ನಿನ್ನ ಮಗಳು, ನಿನ್ನ ಹಣೆಬರಹ!"

ಬಿಡುಗಡೆಯಾದ ಮಗು ಆ ತಟ್ಟೆಯನ್ನೇ ಜೋರಾಗಿ ನೂಕಿತು. ತಟ್ಟೆ ಮಾವನ ಬಲಮಗ್ಗುಲಿಗೆ ಜಾರಿ ಅಂಚು ದಾಟಿತು.

ನೆಲ ಮುಟ್ಟುವ ಮೊದಲೇ ಅದನ್ನು ಗಪ್ಪನೆ ಹಿಡಿದದ್ದು ಅವರ ಎಡಗೈ.